ಇಳಿಯೋರು ಯಾರಿದ್ದೀರಿ

ಡಿಪೋ ಮ್ಯಾನೇಜರರ ಪತ್ರದಲ್ಲಿ ಒಂದೇ ವಾಕ್ಯ:
ಸದರಿ ನಿರ್ವಾಹಕರು ಕರ್ತವ್ಯದ ವೇಳೆ
ಮೈಮೇಲೆ ಬಂದವರಂತೆ ವರ್ತಿಸುತ್ತಿದ್ದು,
ಪರೀಕ್ಷಿಸಿ ಅರ್ಹ ಅಥವಾ ಅನರ್ಹ ಎಂದು ತಿಳಿಸುವುದು.
ಆ 'ಅಂತೆ'ಯ ಮೇಲೆ ನನ್ನ ಪೆನ್ನು
ತುಸು ಹೊತ್ತು ನಿಂತಿತು.

ಶಿವಮೊಗ್ಗದ ಜಿಲ್ಲಾ ಆಸ್ಪತ್ರೆ, ಮನೋರೋಗ ವಿಭಾಗ.
ಬೂದ್ಯಪ್ಪ, ನಲವತ್ತೇಳು ವರ್ಷ,
ಸಾಗರ–ಹೊಳೆಬಾಗಿಲು ರೂಟು.
ಖಾಕಿ ಅಂಗಿ ಇಸ್ತ್ರಿ ಮಾಡಿಸಿಕೊಂಡೇ ಬಂದಿದ್ದಾನೆ.

ಇವತ್ತು ಏನು ವಾರ? ಸೋಮವಾರ.
ನೂರರಿಂದ ಏಳೇಳು ಕಳೆಯುತ್ತ ಹೋಗಿ.
ತೊಂಬತ್ಮೂರು, ಎಂಬತ್ತಾರು,
ನಾನು ಹಿಂದೆ ಬಿದ್ದೆ;
ಎರಡಕ್ಕೆ ಬಂದು ನಿಂತು
'ಇನ್ನು ಚಿಲ್ಲರೆ ಇಲ್ಲ' ಅಂದ.
ಮೂರ್ಛೆ? ಕುಡಿತ? ತಲೆಗೆ ಪೆಟ್ಟು?
ಇಲ್ಲ. ಹಬ್ಬಕ್ಕೆ. ಚಿಕ್ಕಂದಿನಲ್ಲಿ, ಹಲಸು ಬಿದ್ದು.
'ಅವಳು ಬರ್ತಾಳೆ, ಅಷ್ಟೆಯ.'
ಯಾರು?
'ನಮ್ಮ ಚೌಡಿ.'

ಅಜ್ಜ ಅವಳ ಪಾತ್ರಿ.
ಹೊಳೆಗೆ ಅಣೆಕಟ್ಟು ಎದ್ದ ವರ್ಷ ಲಾರಿಗೆ ತುಂಬಿದ್ದು
ಪಾತ್ರೆ, ಎರಡು ಎಮ್ಮೆ, ಕಿತ್ತ ಬಾಗಿಲು.
ಚೌಡಿಯ ಕಲ್ಲು ಅಲ್ಲಾಡಲಿಲ್ಲ.
ಬರೋ ವರ್ಷ ಬರ್ತೀನಿ, ನೀವು ನಡೀರಿ, ಅಂದಳಂತೆ
ಅಜ್ಜನ ಬಾಯಲ್ಲೇ.
ಬರೋ ವರ್ಷ ಅಲ್ಲಿ ನೀರಿತ್ತು.

ಊರು ಒಪ್ಪಿದ ಜಾಗದಲ್ಲಿ, ಒಪ್ಪಿದ ಹೊತ್ತಿಗೆ
ಬಂದು ಹೋಗುವುದು ಕಾಯಿಲೆಯಲ್ಲ,
ಹಾಗೆಂದು ನನ್ನ ಪುಸ್ತಕವೂ ಹೇಳುತ್ತದೆ.
ಊರೇ ಮುಳುಗಿದ್ದರೆ?
ಅಡಿಟಿಪ್ಪಣಿಯಲ್ಲೂ ಇಲ್ಲ.

ಆ ತಿರುವಿನಲ್ಲಿ ಹಿನ್ನೀರು ಕಾಣುತ್ತದೆ.
ಬೇಸಿಗೆಯಲ್ಲಿ ನೀರು ಸರಿದು
ಸತ್ತ ಮರಗಳ ಬೊಡ್ಡೆ ಮೇಲೇಳುವಾಗ
ಅವನ ಹೆಗಲು ನಡುಗಿ, ಕಣ್ಣು ಎಲ್ಲೋ ನೆಟ್ಟು,
'ದನಿ ನಂದಲ್ಲ ಡಾಕ್ಟ್ರೆ, ಸೀಟಿ ಮಾತ್ರ ನಂದು.'
ಹೊನ್ನೆಕೊಡ್ಲು! ಕೆಳಮನೆ! ಗುಬ್ಬಿಗದ್ದೆ!
ಇಳಿಯೋರು ಯಾರಿದ್ದೀರಿ?

ಕಾಲೇಜು ಹುಡುಗರು ನಗುತ್ತಾರೆ. ಡ್ರೈವರು
ಬ್ರೇಕಿನ ಮೇಲೆ ಕಾಲಿಟ್ಟು ಕನ್ನಡಿ ನೋಡುತ್ತಾನೆ.
ಮಾರ್ಚಿಯಲ್ಲೊಂದು ದಿನ ಹಿಂದಿನ ಸೀಟಿನಿಂದ
ಒಬ್ಬಳು ಮುದುಕಿ ಎದ್ದಳು, ಕೈಚೀಲ ಎತ್ತಿಕೊಂಡು.
'ತಡಿಯೋ ಮಾರಾಯ, ಗುಬ್ಬಿಗದ್ದೆ ನಂದೇ.'
ಇಳಿದಳು.
ನೀರಿನ ಕಡೆ ಎಂಟ್ಹತ್ತು ಹೆಜ್ಜೆ ನಡೆದು ನಿಂತಳು.
ಬಸ್ಸು ಹನ್ನೊಂದು ನಿಮಿಷ ಲೇಟು,
ಅವತ್ತೇ ಸಿಕ್ಕಿತು ತನಿಖೆಯವರ ಜೀಪು:
ಟಿಕೆಟ್ ಇಲ್ಲದ ಪ್ರಯಾಣಿಕರು, ಒಂದು.
ಹೆಂಗಸರಿಗೆ ಫ್ರೀ ಅಲ್ಲವೇ, ಅಂದೆ.
'ಸೊನ್ನೆ ಟಿಕೇಟಿಗೂ ಮಿಷನ್ನಿನಲ್ಲಿ ಊರು ಬೇಕಲ್ಲ.'

ನನ್ನೂರು ಗದಗದ ಕಡೆ.
ಅಲ್ಲಿ ಸೋದರತ್ತೆಯ ಕೂದಲು ಕಂಬಕ್ಕೆ ಸುತ್ತಿ
ಬೇವಿನ ಬರಲಿನಿಂದ ಬಾರಿಸುತ್ತ ಕೇಳುತ್ತಿದ್ದುದೂ ಇದನ್ನೇ:
ಇಳೀತಿಯೋ ಇಲ್ಲೋ?
ಇಳಿದಳು ಅತ್ತೆ,
ಆ ವರ್ಷದ ಕೊನೆಗೆ, ಬಾವಿಗೆ.
ಈ ಕುರ್ಚಿಗೆ ನಾನು ಬಂದದ್ದು ಅದಕ್ಕೇ.
ಬರುವವರನ್ನೆಲ್ಲ ಇಷ್ಟು ವರ್ಷ
ಉದ್ಧರಣ ಚಿಹ್ನೆಯೊಳಗೆ ಕೂರಿಸಿ ಬರೆದದ್ದೂ.

ಬೂದ್ಯಪ್ಪ ಮೇಜಿಗೆ ಬಾಗಿ, ಸಣ್ಣ ದನಿಯಲ್ಲಿ:
'ಅವಳನ್ನ ಓಡಿಸೋ ಮಾತ್ರೆ ಬ್ಯಾಡ.
ಶುಕ್ರವಾರ ಮಾತ್ರ ಬರೋ ಹಂಗೆ
ಎಂತಾರೂ ಮಾತ್ರೆ ಅದೆಯಾ?'

ಇಲ್ಲ, ಅಂದೆ. ನಿದ್ದೆ ಹೇಗೆ, ಕೇಳಿದೆ.
ಮಗಳ ಮದುವೆ, ಸಾಲ, ಡಬಲ್ ಡ್ಯೂಟಿ,
ನಾಲ್ಕು ತಿಂಗಳಿಂದ ಸರಿಯಾಗಿ ಮಲಗಿಲ್ಲ.
ಅದಕ್ಕೊಂದು ಸಣ್ಣ ಗುಳಿಗೆ ಬರೆದೆ.
ಅದು ಅವಳಿಗೂ ತಾಗೀತೋ ಏನೋ,
ನನಗೆ ಗೊತ್ತಿಲ್ಲ.

ಸರ್ಟಿಫಿಕೇಟಿನಲ್ಲಿ: ಅರ್ಹ.
ಕೆಳಗೆ: ವಾರದ ರಜೆ ಶುಕ್ರವಾರ ಕೊಟ್ಟರೆ ಒಳಿತು.
ಮೂರು ತಿಂಗಳ ನಂತರ ಮತ್ತೆ ಬರುವುದು.
ಯಾರು ಎಂದು ಬರೆಯಲಿಲ್ಲ.

ಹೊರಡುವಾಗ, ರೂಢಿಯೇ ಇರಬೇಕು,
ಬಾಗಿಲಲ್ಲಿ ನಿಂತು ತಿರುಗಿ
ಕೋಣೆಯನ್ನು ಕೊನೆಯ ಬೆಂಚಿನ ತನಕ ನೋಡಿದ.